ಮೊಣಕಾಲ ಕೆಳಗಿನ ಒರಟು

ಪೇಂಟು ಹೊಡೆಯುವ ಹೊತ್ತಿನಲ್ಲಿ ಕುಪ್ಪನ ಅಪ್ಪಣೆಯಿಲ್ಲದೆ ಯಾರೂ ಪ್ಲಾಸ್ಟಿಕ್ ಸರಿಸಿ ಒಳಗೆ ಕಾಲಿಡುವ ಹಾಗಿರಲಿಲ್ಲ. ಹೊನ್ನಾವರದ ಹೆದ್ದಾರಿ ಬದಿಯ ಆ ಗ್ಯಾರೇಜಿನ ಮಾಲಕ ವಿಶ್ವನಾಥನಿಗೂ ಈ ಕಾನೂನು ತಪ್ಪಿದ್ದಲ್ಲ. ಗ್ಯಾರೇಜಿನ ಹಿಂಭಾಗದಲ್ಲಿ ನಾಲ್ಕು ಅಡಿಕೆ ದಬ್ಬೆ ನೆಟ್ಟು, ಸುತ್ತಲೂ ದಪ್ಪ ಪ್ಲಾಸ್ಟಿಕ್ ಇಳಿಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ, ಕಾರನ್ನು ಒಳಗೆ ನೂಕಿದರೆಂದರೆ ಆಮೇಲೆ ಅಲ್ಲಿ ಕುಪ್ಪ ಮತ್ತು ಕಾರು, ಇಬ್ಬರೇ. ಹೊರಗಿನಿಂದ ಯಾರಾದರೂ ಬಂದರೆ ಬಟ್ಟೆಯ ಧೂಳು ಹಸಿ ಪೇಂಟಿಗೆ ಕೂರುತ್ತದೆ. ಕಾರಣ ಅಷ್ಟೇ.

ಕುಪ್ಪ ಮುಕ್ರಿಗೆ ಮಾತ್ರ ಅದು ಅಷ್ಟೇ ಆಗಿರಲಿಲ್ಲ. ಹುಟ್ಟಿದ ಲಾಗಾಯ್ತು "ಅಲ್ಲೇ ನಿಲ್ಲು" ಎಂಬ ಮಾತನ್ನು ತಿಂದು ಬೆಳೆದ ಮನುಷ್ಯ ಅವನು. ತನ್ನೂರು ಬಾಡದ ಶಾಲೆಯ ಜಗುಲಿಯಲ್ಲಿ ಅಲ್ಲೇ ನಿಲ್ಲು, ಅಂಗಡಿಯ ಕಟ್ಟೆಯ ಕೆಳಗೆ ಅಲ್ಲೇ ನಿಲ್ಲು, ದೇವಸ್ಥಾನದ ಪಾಗಾರದಾಚೆ ಅಲ್ಲೇ ನಿಲ್ಲು. ನಿಂತೂ ನಿಂತೂ ಮೀಸೆ ಬೆಳ್ಳಗಾಗುತ್ತ ಬಂದಿತ್ತು. ಅವನು ಇನ್ನೊಬ್ಬರಿಗೆ "ಅಲ್ಲೇ ನಿಲ್ಲಿ" ಎನ್ನಬಹುದಾದ ಜಾಗ ಇಡೀ ಭೂಮಂಡಲದಲ್ಲಿ ಈ ಪ್ಲಾಸ್ಟಿಕ್ ಗೂಡೊಂದೇ. ಎನ್ನಲು ಮೊದಮೊದಲು ನಾಲಿಗೆಯೇ ಏಳುತ್ತಿರಲಿಲ್ಲ. ಈಗ ಏಳುತ್ತಿತ್ತು. ಆ ಗೂಡು ಕೈತಪ್ಪಿದರೆ ತನಗೆ ಉಳಿಯುವುದು ಎಂತ ಎಂದು ಅವನು ಕೆಲವೊಮ್ಮೆ ಯೋಚಿಸುತ್ತಿದ್ದ, ಯೋಚನೆ ಮುಂದೆ ಹೋಗುತ್ತಿರಲಿಲ್ಲ.

ಗೂಡಿನ ಹೊರಗೆ ಎಲ್ಲವೂ ಎಂದಿನಂತೆಯೇ. ಚಾ ಬಂದರೆ ಎಲ್ಲರಿಗೂ ಗ್ಲಾಸು, ಕುಪ್ಪನಿಗೆ ಸ್ಟೀಲಿನ ಲೋಟ. "ನಿಂದು ಪೇಂಟಿನ ಕೈಯಲ್ವನೋ, ಗ್ಲಾಸು ಜಾರ್ತದೆ" ಎಂದು ವಿಶ್ವನಾಥ ನಗುತ್ತಲೇ ಹೇಳಿದ್ದ. ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡ ಟಿಂಕರಿಂಗಿನ ಸಂತೋಷನ ಕೈಯಿಂದ ಯಾವ ಗ್ಲಾಸೂ ಜಾರುತ್ತಿರಲಿಲ್ಲ. ಲೋಟ ತೊಳೆದು ಕಿಟಕಿಯ ಮೇಲೆ ಬೋರಲು ಹಾಕುವುದೂ ಕುಪ್ಪನದೇ ಕೆಲಸ. ಇದು ಎರಡು ಸಾವಿರದ ಮೂರನೇ ಇಸವಿಯ ಮಾತು, ಹಳೇ ಕಾಲದ್ದಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಕ್ರಷರ್ ದಿವಾಕರನ ಕಾರು ಬಂತು. ದಿವಾಕರ ಕುಮಟೆಯವನು. ಗುಡ್ಡ ಒಡೆದು ಜಲ್ಲಿ ಮಾಡಿ ಮಾರುವುದು ಅವನ ವ್ಯಾಪಾರ; ಅವನ ಟಿಪ್ಪರುಗಳು ಹೆದ್ದಾರಿಯುದ್ದಕ್ಕೂ ಜಲ್ಲಿ ಚೆಲ್ಲುತ್ತ ಓಡುತ್ತಿದ್ದವು. ದುಡ್ಡು ಹೆಚ್ಚಾದವರಿಗೆ ಹಳೆಯ ವಸ್ತುಗಳ ಮೇಲೆ ಪ್ರೀತಿ ಹುಟ್ಟುವುದುಂಟು. ಗೋವೆಯ ಯಾವುದೋ ಬಂಗಲೆಯ ಹಿತ್ತಲಿನಿಂದ ಮೂವತ್ತು ವರ್ಷದ ವಿದೇಶಿ ಕಾರೊಂದನ್ನು ಎತ್ತಿಕೊಂಡು ಬಂದಿದ್ದ. ನೀಲಿ ಬಣ್ಣ ಬಿಸಿಲಿಗೆ ಸುಣ್ಣ ಬಳಿದಂತಾಗಿತ್ತು. ಜನವರಿಯಲ್ಲಿ ಪಣಜಿಯಲ್ಲಿ ಹಳೇ ಕಾರುಗಳ ಮೆರವಣಿಗೆ, ಅಷ್ಟರೊಳಗೆ ಮದುಮಗನಂತೆ ಮಾಡಿ ಕೊಡಬೇಕು.

"ನೋಡು ವಿಶ್ವನಾಥ, ಬಾಗ್ಲಲ್ಲಿ ಮುಖ ಕಾಣ್ಬೇಕು. ಎದುರಿಗೆ ನಿಂತು ತಲೆ ಬಾಚ್ಕಳ್ಳೋ ಹಾಗೆ ಇರ್ಬೇಕು."

"ಬಾಚ್ಕಳೂಕೆ ಅಲ್ಲೆಂತ ಉಳ್ದದೆ?" ಎಂದು ಸಂತೋಷ ಕುಪ್ಪನ ಕಿವಿಯಲ್ಲಿ ಉಸುರಿದ. ದಿವಾಕರನ ಬೋಳುತಲೆ ಬಿಸಿಲಿಗೆ ಮಿರುಗುತ್ತಿತ್ತು. ಕುಪ್ಪ ನಗು ತಡೆದುಕೊಂಡು ಕಾರಿನ ಕೆಳಗೆ ಬಗ್ಗಿದ.

ಬಗ್ಗಿದವನ ಕೈಗೆ ಒರಟು ಸಿಕ್ಕಿತು. ಬಾಗಿಲಿನ ಮೇಲ್ಭಾಗ ನುಣ್ಣಗೆ. ಮೊಣಕಾಲಿನ ಎತ್ತರದಿಂದ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳ್ಳೆ.

ಕರಾವಳಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಇಲ್ಲಿ ಕಾರು ಸಾಯುವುದು ಕೆಳಗಿನಿಂದ ಮೇಲಕ್ಕೆ. ಕಡಲ ಗಾಳಿ, ಮಳೆಗಾಲದ ರಾಡಿ, ಉಪ್ಪು ನೀರು ಸೋರುವ ಮೀನಿನ ಲಾರಿ, ಎಲ್ಲ ಸೇರಿ ತಗಡಿನ ಬುಡ ಹಿಡಿಯುತ್ತವೆ. ಪೇಂಟು ಗುಳ್ಳೆ ಎದ್ದಿತೋ, ಒಳಗೆ ತುಕ್ಕು ಇದ್ದೇ ಇದೆ. ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿ ದೋಣಿಯ ಹೊಟ್ಟೆ ಕೆರೆಯುವ ಕೂಲಿಯಿಂದ ಕೆಲಸ ಶುರು ಮಾಡಿದವನು ಕುಪ್ಪ. ಮೊಣಕಾಲ ಕೆಳಗೆ ಒರಟು ಕಂಡರೆ ಮೊದಲು ಕೆರೆ, ಆಮೇಲೆ ಕೇಳು. ಈವರೆಗೆ ಕೆರೆದ ಅಂಬಾಸಿಡರು, ಫಿಯಟ್ಟು, ಟೆಂಪೋ ಒಂದೂ ಅವನ ಕೈಯನ್ನು ಸುಳ್ಳು ಮಾಡಿರಲಿಲ್ಲ.

ಎಡಬದಿಯಿಂದ ಸುರು ಮಾಡಿದ. ಈ ಗುಳ್ಳೆ ಮಾತ್ರ ಮೊಂಡು. ಉಪ್ಪಿನ ಗುಳ್ಳೆ, ಕೆರೆಯುವ ತಗಡಿನ ಪಟ್ಟಿ ತಾಗಿದ ಕೂಡಲೇ ಹಪ್ಪಳದಂತೆ ಮುರಿಯುತ್ತದೆ. ಇದು ರಬ್ಬರಿನ ಹಾಗೆ ಎಳೆಯುತ್ತ, ಉಜ್ಜುವ ಪೇಪರಿಗೆ ಮೆತ್ತಿಕೊಳ್ಳುತ್ತ, ಕೈಯ ರಟ್ಟೆ ಬೀಳಿಸಿತು. ಹಟ ಬಂದು ಕೆರೆದ. ಎಡಬದಿ ಪೂರಾ ಕೆರೆದು ಮುಗಿಸಿ ನೀರು ಹೊಯ್ದು ನೋಡಿದರೆ ತಗಡು ಈಗಷ್ಟೇ ಬೆಳಗಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದೆ. ತುಕ್ಕಿನ ಒಂದು ಚುಕ್ಕೆ ಇಲ್ಲ.

ಕುಪ್ಪ ಎದ್ದು ಬಲಬದಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಒರಟು ಎಲ್ಲಿ ಸುರುವಾಗುತ್ತದೆ ಎಂದು ಬೆರಳಿಟ್ಟು ನೋಡಿದ. ಚಕ್ರದಿಂದ ಚಕ್ರಕ್ಕೆ ಹಗ್ಗ ಹಿಡಿದು ಎಳೆದಂತೆ ನೇರ ಗೆರೆ.

"ಎಂತಾತಾ ಕುಪ್ಪಣ್ಣ? ಹಾವು ಗೀವು ಕಂಡ್ಯಾ?" ಸಂತೋಷ ಸುತ್ತಿಗೆ ಹಿಡಿದುಕೊಂಡೇ ಬಂದ.

"ಇದ್ರೊಳಗೆ ತುಕ್ಕು ಇಲ್ಲ."

"ಇಲ್ದಿದ್ರೆ ಒಳ್ಳೇದೇ ಆತಲ್ಲ. ಹಣ್ಣುಕಾಯಿ ಮಾಡ್ಸು."

"ಇದು ಉಪ್ಪಿನ ಗುಳ್ಳೆ ಅಲ್ವೋ ಮಾರಾಯ. ಕಾರು ಮಾಡ್ದೋರೇ ಹಾಕದ್ದು. ಚಕ್ರಕ್ಕೆ ಸಿಕ್ಕಿ ಕಲ್ಲು ಹಾರ್ತದಲ್ಲ, ಅದು ಬಡದ್ರೂ ಪೇಂಟು ಏಳ್ಬಾರ್ದು ಅಂತ."

"ನಿಂಗ್ಯಾರು ಹೇಳ್ದೋರು?"

"ಯಾರೂ ಹೇಳ್ಲಿಲ್ಲ. ಉಪ್ಪು ಎಲ್ಲಾದ್ರೂ ಗೆರೆ ಎಳ್ದು ಹತ್ತೂದುಂಟಾ?"

ಸಂತೋಷ ಆ ಬದಿ ನೋಡಿದ, ಈ ಬದಿ ನೋಡಿದ. ತಲೆ ಕೆರೆದುಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ: "ವಿಶ್ವಣ್ಣಂಗೆ ಹೇಳ್ಬೇಡ. ಬಲಬದೀನೂ ಕೆರ್ದು ಬಿಡು. ಒಂದು ಬದಿ ನುಣ್ಣಗಾದ್ರೆ ತಪ್ಪು, ಎರಡೂ ಬದಿ ನುಣ್ಣಗಾದ್ರೆ ಎಂತ ತಪ್ಪು? ಅದು ಫ್ಯಾಷನ್ನು."

ಕುಪ್ಪ ನಗಲಿಲ್ಲ. ಸಂತೋಷ ಒಂದು ಸಲ ತಗಡು ತೂತು ಮಾಡಲು ಹೋಗಿ ಪೆಟ್ರೋಲ್ ಟ್ಯಾಂಕನ್ನೇ ತೂತು ಮಾಡಿದ್ದ. ಅದು ಇವತ್ತಿಗೂ ಚಾ ಹೊತ್ತಿನ ತಮಾಷೆ. ವಿಶ್ವನಾಥ ಸ್ವತಃ ಬಂಧುಗಳ ಕಾರಿಗೆ ಬೇರೆ ಕಾರಿನ ಬಾಗಿಲು ಕೂರಿಸಿದ್ದ, ಅದೂ ತಮಾಷೆ. ಆದರೆ ಕುಪ್ಪನ ಕೈಯಿಂದ ಯಾವುದೋ ಬಾನೆಟ್ಟಿನ ಮೇಲೆ ಒಂದು ಹನಿ ಪೇಂಟು ಇಳಿದದ್ದಕ್ಕೆ, "ನಿಮ್ಮೋರ ಕೈಗೆ ಪೇಂಟಿನ ಗನ್ನು ಕೊಟ್ಟದ್ದೇ ನಂದು ತಪ್ಪು" ಎಂದಿದ್ದ ಅದೇ ವಿಶ್ವನಾಥ. ಉಳಿದವರು ತಪ್ಪು ಮಾಡಿದರೆ ಅದು ಕೈಯ ತಪ್ಪು. ಕುಪ್ಪ ಮಾಡಿದರೆ ಅದು ಅವನ ಅಪ್ಪನ ತಪ್ಪು, ಅಜ್ಜನ ತಪ್ಪು, ಇಡೀ ಕೇರಿಯ ತಪ್ಪು. ಒಬ್ಬನ ಪೇಂಟಿಗೆ ಊರಿಗೆ ಊರೇ ಗುಳ್ಳೆ ಏಳಬೇಕು. ಹಾಗಾಗಿ ಈ ಎಡಬದಿಯ ಸಂಗತಿ ಹೊರಗೆ ಬಂದರೆ ಏನಾಗುತ್ತದೆ ಎಂಬುದು ಅವನಿಗೆ ಬಾಯಿಪಾಠವಿತ್ತು. ಗನ್ನು ಹೋಗುತ್ತದೆ. ಗೂಡು ಹೋಗುತ್ತದೆ. ಪುನಃ "ಅಲ್ಲೇ ನಿಲ್ಲು".

ಸಂತೋಷ ಹೇಳಿದಂತೆ ಬಲಬದಿಗೆ ಪಟ್ಟಿ ಹಚ್ಚಿದರೆ ಮುಗಿಯಿತು. ಕುಪ್ಪ ಪಟ್ಟಿ ಕೈಗೆ ತಗೊಂಡ. ಆ ಒರಟಿನ ಮೇಲೆ ಅಂಗೈಯಾಡಿಸಿದ. ಎಲ್ಲೋ ಸಮುದ್ರದಾಚೆಯ ಊರಿನಲ್ಲಿ, ತನ್ನಂತೆಯೇ ಮೂಗಿಗೆ ಬಟ್ಟೆ ಕಟ್ಟಿಕೊಂಡ ಯಾವನೋ ಒಬ್ಬ ಇದನ್ನು ಹೊಡೆದಿರಬೇಕು. ಮೂವತ್ತು ವರ್ಷ ಕಳೆದರೂ ಒಂದು ಹರಳು ಉದುರಿಲ್ಲ. ಪಟ್ಟಿ ಕೆಳಗಿಟ್ಟ. ಕೆರೆಯುವ ಬದಲು ಎಡಬದಿಯನ್ನು ಬಲಬದಿಯ ಹಾಗೆ ಮಾಡಿದರೆ?

ಯಾರಿಗೂ ಹೇಳಲಿಲ್ಲ. ಹೇಳಲು ಯಾರಿದ್ದರು? ಹೆಂಡತಿ ಬಂಗಾರಿ ಇದ್ದಿದ್ದರೆ ಹೇಳುತ್ತಿದ್ದ. "ಕಾರಿಗೆ ಸ್ನೋ ಪೌಡರು ಹಚ್ಚುವ ಗಂಡ" ಎಂದು ಗದ್ದೆ ನೆಟ್ಟಿಯ ಸಾಲಿನಲ್ಲಿ ಅವನ ಮೇಲೇ ಪದ ಕಟ್ಟಿ ಹಾಡಿ ಹೆಂಗಸರನ್ನು ನಗಿಸುತ್ತಿದ್ದವಳು. ಗದ್ದೆ ಕೆಲಸ ಕಮ್ಮಿಯಾದ ಮೇಲೆ ಇದೇ ದಿವಾಕರನ ಕ್ರಷರಿಗೆ ಜಲ್ಲಿ ಹೊರಲು ಹೋದಳು. ಅಲ್ಲೊಂದು ಚೂರು ಹಾರಿ ಹುಬ್ಬು ಸೀಳಿತ್ತು. ಮೇಸ್ತ್ರಿ ಸುಣ್ಣ ಹಚ್ಚಿ ಪುನಃ ಬುಟ್ಟಿ ಹೊರಿಸಿದ. ಆ ಗಾಯ ಒಣಗಿತು. ಧೂಳು ಕುಡಿದ ಎದೆ ಒಣಗಲಿಲ್ಲ. ಅವಳು ಹೋಗಿ ಎರಡು ಮಳೆಗಾಲ ಕಳೆದಿತ್ತು. ಈಗ ಬಾಡದ ಮನೆಯಲ್ಲಿ ಒಬ್ಬನಿಗೆ ಗಂಜಿ ಬೇಯಿಸಿದರೂ ಅಳತೆ ತಪ್ಪಿ ಇಬ್ಬರಿಗಾಗುತ್ತಿತ್ತು. ಉಳಿದದ್ದನ್ನು ಬೆಳಿಗ್ಗೆ ಉಂಡು ಬಸ್ಸು ಹತ್ತುತ್ತಿದ್ದ.

ಉಳಿದವರು ಊಟಕ್ಕೆ ಹೋದಾಗ ಕುಪ್ಪ ಗೂಡಿನೊಳಗೆ ಹಳೇ ಬಾಗಿಲೊಂದನ್ನು ನಿಲ್ಲಿಸಿಕೊಂಡು ಪ್ರಯೋಗ ಸುರು ಮಾಡಿದ. ಮೊದಲು ಕಾರಿನ ಅಡಿಗೆ ಬಳಿಯುವ ಡಾಂಬರಿನಂಥದನ್ನು ಹೊಡೆದು ನೋಡಿದ. ಗುಳ್ಳೆಯೇನೋ ಬಂತು, ಮೇಲೆ ನೀಲಿ ಹೊಡೆದ ಮರುದಿನಕ್ಕೆ ಡಾಂಬರು ಕೆಳಗಿನಿಂದ ಕಂದಾಗಿ ಮೇಲೆ ಬಂದು ಕೂತಿತು. ಮೂಲವ್ಯಾಧಿಯವನ ಪಂಚೆಯ ಹಾಗೆ. ಒರೆಸಿ ಹಾಕಿದ. ಆಮೇಲೆ ತಗಡಿನ ಸಂದಿಗೆ ತುಂಬುವ ಸೀಲರನ್ನು ಕುಮಟೆಯಿಂದ ತಂದು, ಥಿನ್ನರು ಹಾಕಿ ತೆಳ್ಳಗೆ ಮಾಡಿ ಗನ್ನಿಗೆ ತುಂಬಿದ. ಗನ್ನು ಅದನ್ನು ಹೊಗೆಯ ಹಾಗೆ ಹಾರಿಸಿ ನುಣ್ಣಗೆ ಕೂರಿಸಿತು. ಅದರ ಗುಣವೇ ಅದು.

ಕುಪ್ಪ ಯೋಚಿಸುತ್ತ ಕೂತ. ಗನ್ನು ಉಗುಳುವುದು ಪೇಂಟರಿಗೆ ಬರಬಾರದ ರೋಗ. ಗಾಳಿ ಕಮ್ಮಿಯಾದರೆ ಗನ್ನು ಕೆಮ್ಮಿದ ಹಾಗೆ ಹನಿಹನಿ ಉಗುಳುತ್ತದೆ, ಕೆಲಸ ಹಾಳಾಗುತ್ತದೆ. ಕಲಿಯುವಾಗ ಈ ಉಗುಳಿಗಾಗಿ ತಿಂದ ಬೈಗುಳ ಲೆಕ್ಕಕ್ಕಿಲ್ಲ. ಈಗ ಬೇಕಾದದ್ದು ಅದೇ. ಗಾಳಿ ಇಳಿಸಿದ. ಮೂತಿ ಅಗಲ ಮಾಡಿದ. ದೂರ ನಿಂತ. ಇಷ್ಟು ವರ್ಷ ಯಾವುದು ಬರಬಾರದೆಂದು ಕೈ ಬಿಗಿಹಿಡಿದಿದ್ದನೋ ಅದನ್ನೇ ಬರಲಿ ಎಂದು ಬಿಟ್ಟ. ಗನ್ನು ಕೆಮ್ಮಿತು. ಹಳೇ ಬಾಗಿಲಿನ ಮೇಲೆ ಕಿತ್ತಳೆ ಸಿಪ್ಪೆ ಎದ್ದು ಬಂತು.

"ಬಂತು!" ಎಂದು ಕುಪ್ಪ ಗಟ್ಟಿಯಾಗಿ ಹೇಳಿದ. ಪ್ಲಾಸ್ಟಿಕ್ ಅಲ್ಲಾಡಿತು. ಯಾರೂ ಓಗೊಡಲಿಲ್ಲ. ಬಾಯಿಗೆ ಕಟ್ಟಿದ ಬಟ್ಟೆಯೊಳಗೇ ನಕ್ಕು ಅಲ್ಲೇ ನೆಲಕ್ಕೆ ಕೂತ. ಅವನ ಜೀವಮಾನದಲ್ಲಿ ಯಾರೂ ಹೇಳದೆ, ಯಾರೂ ಬೈಯದೆ, ತಾನಾಗಿಯೇ ಹುಟ್ಟಿಸಿಕೊಂಡು ಮಾಡಿದ ಕೆಲಸ ಇದೊಂದೇ.

ಎಡಬದಿ ಮುಗಿಯಿತು. ಮೇಲೆ ನೀಲಿ ಬಂತು. ಕಾರು ಒಣಗಿ ನಿಂತಾಗ ಕಣ್ಣಿಗೆ ಎರಡು ಬದಿಗೂ ಅಂತರ ಕಾಣುತ್ತಿರಲಿಲ್ಲ. ಬೆರಳಿಗೆ ಕಾಣುತ್ತಿತ್ತು: ಕುಪ್ಪನ ಹರಳು ಒಂದು ಎಳ್ಳಿನಷ್ಟು ದಪ್ಪ. ಅದು ಲೋಕದಲ್ಲಿ ಕುಪ್ಪನ ಬೆರಳಿಗೆ ಮಾತ್ರ ಗೊತ್ತು.

ದಿವಾಕರ ಕಾರು ನೋಡಲು ಬಂದದ್ದು ಒಂದು ಬೆಳಿಗ್ಗೆ. ಬಾನೆಟ್ಟಿನಲ್ಲಿ ಮುಖ ನೋಡಿಕೊಂಡ. ಬಾಗಿಲಲ್ಲಿ ನೋಡಿಕೊಂಡ. "ಭಲೇ" ಎಂದ. ವಿಶ್ವನಾಥ, ತಾನೇ ರಾತ್ರಿ ಹಗಲು ಪಟ್ಟುಹಿಡಿದು ಮಾಡಿದವನಂತೆ ತಲೆ ತಗ್ಗಿಸಿದ. ದಿವಾಕರನ ಕೈ ಬಾಗಿಲ ಮೇಲಿಂದ ಜಾರುತ್ತ ಕೆಳಗೆ ಬಂತು. ನಿಂತಿತು.

"ಎಂತದಿದು? ಮೈಲಿ ಎದ್ದಂಗದೆ?"

ವಿಶ್ವನಾಥ ಬಗ್ಗಿದ. ಇಷ್ಟು ದಿನ ಗ್ಯಾರೇಜಿನಲ್ಲಿದ್ದ ಕಾರಿನ ಬುಡವನ್ನು ಅವನು ನೋಡಿದ್ದು ಅದೇ ಮೊದಲು. ಮುಖ ಕೆಂಪಾಯಿತು. "ಕುಪ್ಪಾ! ಬಾರೋ ಇಲ್ಲಿ. ಉಪ್ಪು ಕೆರೀದೆ ಮೇಲಿಂದ ಮೇಲೆ ಪೇಂಟು ಹೊಡ್ದ್ಯಾ ನೀನು?"

ಕುಪ್ಪ ಬಂದು ನಿಂತ. ಸಂತೋಷ ದೂರದಿಂದ ಕಣ್ಣಿನಲ್ಲೇ ಹೇಳುತ್ತಿದ್ದ: ಹೌದು ಅನ್ನು, ತಪ್ಪಾತು ಅನ್ನು, ಕೆರ್ದು ಕೊಡ್ತೆ ಅನ್ನು. ಅಷ್ಟು ಅಂದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಪ್ಲಾಸ್ಟಿಕ್ ಗೂಡು ಉಳಿಯುತ್ತಿತ್ತು.

"ಅದು ಉಪ್ಪಲ್ಲ ಒಡ್ಯಾ" ಎಂದ ಕುಪ್ಪ. "ಕಾರು ಮಾಡ್ದೋರೇ ಹಾಕದ್ದು. ಕಲ್ಲು ಬಡದ್ರೆ ತಡೀಲಿ ಅಂತ."

"ಎರಡೂ ಬದೀನೂ?" ಎಂದ ದಿವಾಕರ.

ಇಲ್ಲಿಯೂ "ಹೌದು" ಎಂದರೆ ಸಾಕಿತ್ತು.

"ಬಲಬದಿ ಅವರ್ದು. ಎಡಬದಿ ನಂದು. ನಂಗೆ ಮೊದ್ಲು ಗೊತ್ತಾಗ್ಲಿಲ್ಲ, ಉಪ್ಪು ಅಂದ್ಕಂಡು ಕೆರ್ದ್ಹಾಕ್ದೆ. ಆಮೇಲೆ ಹಾಗೇ ಪುನಃ ಮಾಡ್ದೆ."

"ಕೆರಿ ಅಂತ ಯಾರು ಹೇಳ್ದೋರು?"

"ಯಾರೂ ಇಲ್ಲ."

"ಪುನಃ ಹಾಕು ಅಂತ?"

"ಯಾರೂ ಇಲ್ಲ."

ದಿವಾಕರ ವಿಶ್ವನಾಥನ ಕಡೆ ತಿರುಗಿ ನಕ್ಕ. "ಚಲೋ ಆತಲ್ಲ. ನನ್ನ ಕಾರು ಇವಂಗೆ ಕನ್ನಡ ಶಾಲೆ!"

"ನಾ ಅವತ್ತೇ ಹೇಳಿದ್ದೆ," ವಿಶ್ವನಾಥ ಯಾರಿಗೆ ಯಾವತ್ತು ಹೇಳಿದ್ದನೋ, "ಈ ಜನದ ಕೈಯೇ ಅಷ್ಟು. ಕೆರಿಯೂಕೆ ಹುಟ್ಟಿದೋರು. ಏಯ್, ಇವತ್ತೇ ಎರಡೂ ಬದಿ ಕೆರ್ದು ನುಣ್ಣಗೆ ಮಾಡು."

"ಬೇಡ ಒಡ್ಯಾ." ಕುಪ್ಪ ಹೇಳಿದ್ದು ದಿವಾಕರನಿಗೆ. "ಇಲ್ಲಿಂದ ಗೋವೆವರಿಗೆ ರಸ್ತೆ ತುಂಬ ಜಲ್ಲಿ. ನುಣ್ಣಗೆ ಮಾಡದ್ರೆ ಪೇಂಟು ತಡೀದಿಲ್ಲ."

"ರಸ್ತೆ ಮೇಲೆ ಯಾರ ಜಲ್ಲಿಯೋ?" ದಿವಾಕರ ನಗುತ್ತಲೇ ಕೇಳಿದ.

"ನಿಮ್ದೇ."

ಸಂತೋಷನ ಸುತ್ತಿಗೆ ನಿಂತಿತು. ದಿವಾಕರನ ಮುಖದ ನಗು ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಇರಲಿಲ್ಲ. ಅವನು ಕುಪ್ಪನನ್ನು ನೋಡಲಿಲ್ಲ. ವಿಶ್ವನಾಥನನ್ನು ನೋಡಿ, "ಸಂಜೆಗೆ ಬರ್ತೆ" ಎಂದು ಹೇಳಿ ಹೊರಗೆ ನಿಂತಿದ್ದ ಜೀಪಿನ ಕಡೆ ನಡೆದ. ಆದರೆ ಹತ್ತಲಿಲ್ಲ. ಏನಾಗುತ್ತದೆ ನೋಡಿಯೇ ಹೋಗುವೆನೆಂಬಂತೆ ಬಾಗಿಲು ಹಿಡಿದು ನಿಂತ.

"ಪಟ್ಟಿ ತಗೋ" ಎಂದ ವಿಶ್ವನಾಥ.

"ನಾ ಕೆರಿಯೂದಿಲ್ಲ."

"ಎಂತ ಅಂದೆ?"

"ಬೇರೆ ಎಂತ ಬೇಕಾದ್ರೂ ಹೇಳಿ. ಇದ್ನ ನಾ ಕೆರಿಯೂದಿಲ್ಲ."

"ಹಾಗಾದ್ರೆ ಗನ್ನು ಕೆಳಗಿಡು. ಇನ್ನು ನೀ ಆ ಪ್ಲಾಸ್ಟಿಕ್ ಮುಟ್ಟೂದು ಬೇಡ. ಇಲ್ಲೇ ಇರ್ಬೇಕು ಅಂದ್ರೆ ಲಾರಿ ತೊಳಕಂಡು ಇರು. ಸಂತೋಷಾ! ಪಟ್ಟಿ ತಗೋ."

ಕುಪ್ಪ ಗೂಡಿನೊಳಗೆ ಹೋದ. ಗನ್ನು ಬಿಚ್ಚಿದ. ಥಿನ್ನರು ಹೊಯ್ದು ಮೂತಿ ತೊಳೆದ, ಸೂಜಿ ತೊಳೆದ, ಬಟ್ಟಲು ಒರೆಸಿದ. ದಿನಾ ಹೇಗೋ ಹಾಗೆ, ಅವಸರವಿಲ್ಲದೆ. ಒಳಗೆ ಪೇಂಟು ಉಳಿದರೆ ಗಟ್ಟಿಯಾಗಿ ಗನ್ನು ಸಾಯುತ್ತದೆ; ಅದರ ತಪ್ಪೇನೂ ಇರಲಿಲ್ಲ. ಮೂವರೂ ಹೊರಗೆ ನಿಂತು ಕಾಯಬೇಕಾಯಿತು. ಗನ್ನನ್ನು ಮೊಳೆಗೆ ನೇತುಹಾಕಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದ.

ಸಂತೋಷ ಬಲಬದಿಯಲ್ಲಿ ಮಂಡಿಯೂರಿ ಕೂತಿದ್ದ. ಒಮ್ಮೆಯಾದರೂ ತಲೆ ಎತ್ತುತ್ತಾನೆ, ಹೀಗೆ ಹೋಗ್ತ್ಯಾ ಕುಪ್ಪಣ್ಣ ಎನ್ನುತ್ತಾನೆ, ಒಂದು ಕುಚೋದ್ಯವನ್ನಾದರೂ ಮಾಡುತ್ತಾನೆ ಎಂದು ಕುಪ್ಪ ನಿಂತ. ಸಂತೋಷ ತಲೆ ಎತ್ತಲಿಲ್ಲ. ಅವನಿಗೂ ಮನೆಯಿತ್ತು, ಮಕ್ಕಳಿದ್ದರು. ಪಟ್ಟಿ ಮೂವತ್ತು ವರ್ಷದ ಒರಟಿನ ಮೇಲೆ ಕಿರ್ರೆಂದು ಒಮ್ಮೆ ಎಳೆಯಿತು. ಎರಡನೇ ಎಳೆತಕ್ಕೆ ಕುಪ್ಪ ರಸ್ತೆಗೆ ಬಂದಿದ್ದ. ಲಾರಿ ತೊಳೆಯಲು ನಾಳೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಕುಮಟೆಯ ಬಸ್ಸು ಸಿಕ್ಕಿತು. ಹಿಂದುಗಡೆ ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿ ಬದಿಗೆ, ಯಾವತ್ತಿನಂತೆ ಮೈಯೆಲ್ಲ ಮುದುಡಿಕೊಂಡು ಕೂತ. ಮುಂದೆ ಟಿಪ್ಪರೊಂದು ಜಲ್ಲಿ ಉದುರಿಸುತ್ತ ಓಡುತ್ತಿತ್ತು. ಬಸ್ಸಿನ ಮುಸುಡಿಗೆ ಪಟಪಟ ಬಡಿಯುತ್ತಿತ್ತು. ಕರ್ಕಿಯಲ್ಲಿ ಬಿಳಿ ಅಂಗಿಯವನೊಬ್ಬ ಹತ್ತಿ ಪಕ್ಕದಲ್ಲಿ ಕೂತ. ಕೂತವನು ಮೂಗು ಸಿಂಡರಿಸಿದ, ಕುಪ್ಪನ ಮುಖ ನೋಡಿದ, ಎದ್ದು ಹೋಗಿ ಮುಂದೆ ಕಂಬಿ ಹಿಡಿದು ನಿಂತ. ಥಿನ್ನರಿನ ವಾಸನೆಗೆ ಎದ್ದನೋ, ಗುರುತು ಸಿಕ್ಕಿ ಎದ್ದನೋ? ಬಸ್ಸು ಹತ್ತಿದ ದಿನವೆಲ್ಲ ಕುಪ್ಪ ಈ ಲೆಕ್ಕ ಹಾಕುತ್ತ ಬಂದವನು. ಉತ್ತರ ಸಿಕ್ಕಿದ್ದಿಲ್ಲ.

ಇವತ್ತು ಲೆಕ್ಕ ಹಾಕಲಿಲ್ಲ. ಕಿಟಕಿಯಿಂದ ಸರಿದು ಸೀಟಿನ ನಟ್ಟನಡುವೆ ಬಂದ. ಕಾಲು ಅಗಲ ಮಾಡಿ, ಎರಡೂ ಕೈ ಎರಡು ಬದಿಗೆ ಊರಿ ಕೂತ. ಹಳದೀಪುರದಲ್ಲಿ ಜನ ತುಂಬಿದರು. ಕಂಡಕ್ಟರ್ "ಸರೀರಿ, ಸರೀರಿ, ಹಿಂದೆ ಜಾಗ ಉಂಟು" ಎಂದು ಕೂಗಿದ. ಯಾರೂ ಹಿಂದೆ ಬರಲಿಲ್ಲ. ಕುಮಟೆಯವರೆಗೆ ನಿಂತೇ ಬಂದರು. ಕುಪ್ಪನೂ ಸರಿಯಲಿಲ್ಲ.